ತಾಗಿತು ಅನ್ನುವವನು

ತಾಗಿದ್ದನ್ನು ತಾಗಿಲ್ಲ ಅನ್ನುವುದಿಲ್ಲ, ತಾಗಿದ ಮೇಲೆ ಒಂದು ಹೆಜ್ಜೆಯೂ ಮುಂದಿಡುವುದಿಲ್ಲ ಎಂದು ನಂಜುಂಡ ಮಾತು ಕೊಟ್ಟದ್ದು ಕಾಸಿಮೇಡಿನ ಮೀನುಬಂದರಿನಲ್ಲಿ, ಬೆಳಗಿನ ಮೀನಿನ ಹರಾಜು ಮುಗಿದು ಹೆಂಗಸರು ಬುಟ್ಟಿ ತೊಳೆಯುತ್ತಿದ್ದ ಹೊತ್ತಿನಲ್ಲಿ. ಆಗ ಅವನಿಗಿನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು. ಅಪ್ಪ ಕೊಳ್ಳೇಗಾಲದ ಕಡೆಯಿಂದ ತಮಿಳು ಸೀಮೆಗೆ ಬಂದು ಪೆರಂಬೂರಿನ ಕೋಚ್ ಫ್ಯಾಕ್ಟರಿ ಸೇರಿದ್ದ. ಅಲ್ಲಿನ ರೈಲ್ವೆ ಕ್ವಾರ್ಟರ್ಸಿನಿಂದ ಸೈಕಲ್ ತುಳಿದುಕೊಂಡು ಹೋಗಿ, ಬಂದರಿನ ಹುಡುಗರ ಜೊತೆ ನಿಂತು ಸಿಲಂಬ ಕಲಿಯುತ್ತಿದ್ದ ಕನ್ನಡದವನು ಇವನೊಬ್ಬನೇ. ಸಿಲಂಬ ಅಂದರೆ ತಮಿಳರ ದೊಣ್ಣೆವರಸೆ. ಕಲಿಸುತ್ತಿದ್ದ ತಿರುಮಲ ಅವರ ಕಸುಬು ಬಲೆ ಹೆಣೆಯುವುದು. ಆದರೂ ಬಂದರಿನಲ್ಲಿ ಎಲ್ಲರ ಬಾಯಲ್ಲೂ ಅವರು ವಾದ್ಯಾರ್, ಅಂದರೆ ಮೇಷ್ಟ್ರು.

ಅವತ್ತು ವಾದ್ಯಾರ್ ಬೀಸಿದ ಕೋಲು ಗಾಳಿಯಲ್ಲಿ ಸುಯ್ಯೆಂದು ಬಂದು ನಂಜುಂಡನ ಎಡ ಹೆಗಲ ಮೂಳೆಯ ಮೇಲೆ ನಿಂತಿತು. ನೊಣ ಕೂತಷ್ಟೇ ಭಾರ.

"ಏನಾಯ್ತುಡಾ?"

"ತಾಗಿತು ವಾದ್ಯಾರೇ."

"ಅದನ್ನ ಹೇಳಬೇಕಾದವನು ಯಾರು? ನಾನಾ, ನೀನಾ?"

"ನಾನು. ತಾಗಿಸಿಕೊಂಡವನು."

"ಹೇಳಿದ ಮೇಲೆ?"

"ಹಿಂದಕ್ಕೆ ಸರೀಬೇಕು."

"ಸರಿದಿಲ್ಲ ಅಂದ್ರೆ?"

ವಾದ್ಯಾರ್ ಕೋಲನ್ನು ಮರಳಿಗೆ ಊರಿ ಹೇಳಿದರು: "ನಮ್ಮಣ್ಣ ಸರೀಲಿಲ್ಲ. ಊರೆಲ್ಲ ನೋಡ್ತಾ ಇತ್ತು, ಮರ್ಯಾದೆ ಹೋಗುತ್ತೆ ಅಂತ ಏಟನ್ನ ನುಂಗಿದ. ಎದುರಿಗಿದ್ದವನು ಮತ್ತೆ ತಾಗಿಸಿದ. ಮತ್ತೆ ನುಂಗಿ ಮುಂದೆ ಬಂದ. ಆಮೇಲೆ ಎದುರಿಗಿದ್ದವನ ಕೋಲು ನಿಲ್ಲಲಿಲ್ಲ. ಮನೇಲಿ ಮಲಗಿದಾನೆ, ಹೋಗಿ ನೋಡು. ಗಂಜಿ ಬಾಯಿಗೆ ಹಾಕಿದ್ರೆ ನುಂಗ್ತಾನೆ, ಅಷ್ಟೇ."

"ಎದುರಿಗಿದ್ದವರು ಯಾರು ವಾದ್ಯಾರೇ?"

ವಾದ್ಯಾರ್ ಸಮುದ್ರದ ಕಡೆ ಮುಖ ಮಾಡಿಕೊಂಡರು. ಪಕ್ಕದ ಹುಡುಗ ನಂಜುಂಡನ ಪಕ್ಕೆಗೆ ತಿವಿದು, ಅವರೇ ಎಂದು ಕಣ್ಣಲ್ಲೇ ತೋರಿಸಿದ. ಆಮೇಲೆ ವಾದ್ಯಾರ್ ಕೋಲನ್ನು ಅಡ್ಡ ಹಿಡಿದರು. ನಂಜುಂಡ ಅದರ ಮೇಲೆ ಕೈಯಿಟ್ಟು ಮಾತು ಕೊಟ್ಟ. ಆ ಕೋಲಿಗೆ ಮೀನಿನ ವಾಸನೆ ಇತ್ತು.

ಆ ಮಾತನ್ನು ಅವನು ಹೊತ್ತು ತಿರುಗಿದ ಎನ್ನುವುದಕ್ಕಿಂತ, ಅದು ಅವನ ಮೈಗೆ ಸೇರಿಹೋಯಿತು ಎನ್ನಬೇಕು. ಅಪ್ಪನ ಫ್ಯಾಕ್ಟರಿಯಲ್ಲೇ ರೈಲು ಡಬ್ಬಿಗಳಿಗೆ ಕಿಟಕಿ ಕೂರಿಸುವ ಫಿಟ್ಟರ್ ಆದ, ಕಲಾವತಿಯನ್ನು ಮದುವೆಯಾದ. ವಾದ್ಯಾರ್ ತೀರಿಕೊಂಡ ಮೇಲೆ ಕ್ವಾರ್ಟರ್ಸಿನ ಹಿಂದಿನ ಬಯಲನ್ನು ಗುಡಿಸಿ ತಾನೇ ಭಾನುವಾರ ಭಾನುವಾರ ಪಾಠ ಶುರು ಮಾಡಿದ. ಮೊದಲು ನೆಲ ಮುಟ್ಟಿ ನಮಸ್ಕಾರ. ತಿಂಗಳುಗಟ್ಟಲೆ ಬರೀ ಹೆಜ್ಜೆ, ಕೈಗೆ ಕೋಲೇ ಇಲ್ಲ. ಕೋಲು ಬಂದ ಮೇಲೆ ತಿರುಗಿಸುವುದು, ತಡೆಯುವುದು. ಕಟ್ಟಕಡೆಗೆ ತಾಗಿಸುವುದು. ಜೋರಾಗಿ ಬೀಸಿ, ಎದುರಿನವನ ಬಟ್ಟೆ ಮಾತ್ರ ಅಲುಗುವ ಹಾಗೆ ನಿಲ್ಲಿಸಬೇಕು. ತಾಗಿಸಿಕೊಂಡವನು "ತಾಗಿತು" ಅಂದು ಹಿಂದೆ ಸರಿಯಬೇಕು. ಆ ಮಾತು ಬರುವವರೆಗೆ ತಾಗಿಸಿದವನು ಅಲ್ಲಾಡದೆ ಕಾಯಬೇಕು.

ಬಂದ ಹುಡುಗರೆಲ್ಲ ಕರಾಟೆಗೆ, ಕ್ರಿಕೆಟ್ಟಿಗೆ ಓಡಿಹೋದರೂ ಇಬ್ಬರು ಮಾತ್ರ ಓಡಲಿಲ್ಲ. ಮನೆಯ ಮಕ್ಕಳು ಎಲ್ಲಿಗೆ ಓಡಿಯಾರು? ಮಗ ಉದಯ್, ಅವನ ಬೆನ್ನಿಗೆ ಹುಟ್ಟಿದ ಶ್ರೀವಿದ್ಯಾ. ಉದಯ್ ಕೈ ಎಂಥದ್ದೆಂದರೆ, ಉರಿಯುವ ಊದುಬತ್ತಿಯ ಬೂದಿಗೆ ಕೋಲು ತಾಗಿಸಿದರೂ ಬೂದಿ ಉದುರುತ್ತಿರಲಿಲ್ಲ. ಅಪ್ಪನ ಎಡ ಹೆಗಲ ಮೂಳೆ ಎಂದರೆ ಅವನಿಗೆ ಇಷ್ಟ. ಎಲ್ಲಿಂದ ಬಂದರೂ ಕೋಲು ಅಲ್ಲಿಗೇ ಬಂದು ಕೂರುತ್ತಿತ್ತು. "ತಾಗ್ತು ಮಗಾ" ಎಂದು ಹಿಂದೆ ಸರಿಯುವಾಗ ನಂಜುಂಡನಿಗೆ ಸೋತ ಹಾಗೇ ಅನಿಸುತ್ತಿರಲಿಲ್ಲ.

ಉದಯ್ ತೀರಿಕೊಂಡು ಈಗ ಮೂರನೆಯ ವರ್ಷ. ಅವತ್ತು ರೈಲ್ವೆಯ ಕ್ಯಾರೇಜ್ ವರ್ಕ್ಸ್ ಗೋಡೆಯ ಪಕ್ಕದ ಗಲ್ಲಿಯಲ್ಲಿ ಒಬ್ಬ ಮುದುಕಿಯ ಸರಕ್ಕೆ ಯಾರೋ ಕೈ ಹಾಕಿದ್ದ. ಮಳೆಗಾಲ, ಉದಯ್ ಕೈಯಲ್ಲಿ ಉದ್ದನೆಯ ಕೊಡೆ ಇತ್ತು. ಅಡ್ಡ ಹೋದ. ಆ ಮನುಷ್ಯನ ಹತ್ತಿರ ಚೂರಿ ಇತ್ತು. ಊರಿಗೆ ಗೊತ್ತಿರುವುದು ಇಷ್ಟು. ಹುಡುಗ ಪಾಪ, ಗಾಬರಿಯಾಗಿ ಕೊಡೆ ಬೀಸಿದ, ಹೊಡೆಯಲು ಬರಲಿಲ್ಲ, ಸತ್ತ.

ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ ಬಿದ್ದಿದ್ದನ್ನು ಪೊಲೀಸರು ನಂಜುಂಡನಿಗೆ ತೋರಿಸಿದರು. ಗುರುತು ಹಿಡಿಯಲು ಕರೆದದ್ದು. ಅವರು ತೋರಿಸಿದ್ದು ಒಂದು, ಅವನು ನೋಡಿದ್ದು ಇನ್ನೊಂದು. ಕೊಡೆ ಮೇಲಿಂದ ಇಳಿದು ಬಂದು ಆ ಮನುಷ್ಯನ ಎಡ ಹೆಗಲ ಮೇಲೆ ನಿಂತಿತು. ಸರಿಯಾಗಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ. ಬೀಸಿದ ರಭಸಕ್ಕೆ ಇನ್ನೊಂದು ಗೇಣು ಮುಂದೆ ಹೋಗಿದ್ದರೆ ಆ ಮೂಳೆ ಪುಡಿಯಾಗುತ್ತಿತ್ತು, ಚೂರಿ ಹಿಡಿದ ಕೈ ಜೋತುಬೀಳುತ್ತಿತ್ತು. ಮುಂದೆ ಹೋಗಲಿಲ್ಲ. ಉದಯ್ ಗದ್ದವನ್ನು ಒಂದಿಷ್ಟು ಮೇಲೆತ್ತಿ ನಿಂತುಕೊಂಡ. ಬಯಲಿನಲ್ಲಿ ಅಪ್ಪನ ಎದುರಿಗೆ ನಿಲ್ಲುತ್ತಿದ್ದ ಹಾಗೆಯೇ. ಆ ಮನುಷ್ಯನ ಬಾಯಿಂದ ಒಂದು ಮಾತು ಬರಲಿ ಎಂದು ಕಾದ.

ಆ ಮನುಷ್ಯ ಸಿಕ್ಕಿಬಿದ್ದ, ಜೈಲಿಗೂ ಹೋದ. ಕಲಾವತಿ ಮಾತ್ರ ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದಳು. "ಹುಟ್ಟಿದಾಗಿಂದ ಕಲಿಸಿದ್ರಲ್ಲ, ಆ ಹೊತ್ನಲ್ಲಿ ಅದೆಲ್ಲ ಎಲ್ರೀ ಹೋಯ್ತು?" ಎಲ್ಲಿಗೂ ಹೋಗಿರಲಿಲ್ಲ. ಅದನ್ನು ಹೆತ್ತವಳಿಗೆ ಹೇಳುವುದು ಹೇಗೆ? ನಂಜುಂಡ ಹೇಳಲಿಲ್ಲ. ಬಯಲಿನ ಪಾಠ ನಿಂತಿತು. ಅಲ್ಲಿ ಈಗ ಯಾರದೋ ಕಾರು ನಿಲ್ಲುತ್ತದೆ.

ತಿಥಿ ಕಳೆದ ಮೇಲೆ ಅದು ಶುರುವಾಯಿತು.

ಮೊದಲ ಸಲ ಅವನು ಸ್ನಾನ ಮುಗಿಸಿ ಟವೆಲ್ ಸುತ್ತಿಕೊಳ್ಳುತ್ತಿದ್ದ. ಎಡ ಹೆಗಲ ಮೂಳೆಯ ಮೇಲೆ ಏನೋ ಬಂದು ಕೂತಿತು. ನೊಣ ಕೂತಷ್ಟೇ ಭಾರ. ಕೂತದ್ದು ಅಲ್ಲಾಡಲಿಲ್ಲ. ಹಿಂದೆ ಯಾರೂ ಇಲ್ಲ, ಮುಂದೆ ಗೋಡೆ. ನಂಜುಂಡನ ಕಾಲಿಗೆ ತನ್ನ ಕೆಲಸ ಗೊತ್ತಿತ್ತು. "ತಾಗ್ತು ಮಗಾ" ಎಂದು ಬಾಯಿ ತಾನಾಗಿ ಅಂದಿತು, ಕಾಲು ಹಿಂದೆ ಸರಿಯಿತು. ಸರಿದ ಕೂಡಲೇ ಆ ಭಾರ ಹೋಯಿತು.

ಅಲ್ಲಿಂದ ಮುಂದೆ ಅದಕ್ಕೆ ಹೊತ್ತುಗೊತ್ತು ಇರಲಿಲ್ಲ. ಹಾಲು ತರಲು ನಿಂತಾಗ, ಫ್ಯಾಕ್ಟರಿಯಲ್ಲಿ ಕಿಟಕಿಯ ಚೌಕಟ್ಟು ಎತ್ತಿ ಹಿಡಿದಾಗ, ಅನ್ನ ಬಡಿಸಿಕೊಳ್ಳುವಾಗ ಬರುತ್ತಿತ್ತು. ಒಪ್ಪಿಕೊಳ್ಳುವವರೆಗೆ ಹೋಗುತ್ತಿರಲಿಲ್ಲ. ಕಾಯುತ್ತಿತ್ತು. ಕೆಲಸದವರು ನಂಜುಂಡಣ್ಣನಿಗೆ ತಲೆಸುತ್ತು ಇರಬೇಕು, ಸುಮ್ಮಸುಮ್ಮನೆ ಹಿಂದಕ್ಕೆ ಹೋಗುತ್ತಾನೆ ಅಂದರು. ಕಲಾವತಿ ಬಿ.ಪಿ. ನೋಡಿಸಿದಳು. ಎಲ್ಲ ಸರಿಯಾಗಿತ್ತು. ಅವನಿಗೆ ಹೆದರಿಕೆ ಇತ್ತೇ ಅಂದರೆ ಇತ್ತು. ಆದರೆ ಒಂದು ವಾರ ಅದು ಬಾರದೆ ಹೋದಾಗ, ಸಂಜೆ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ನಡುಮನೆಯಲ್ಲಿ ಎಡ ಹೆಗಲು ಮುಂದೆ ಮಾಡಿ ನಿಂತು ಕಾದವನೂ ಅವನೇ.

ಶ್ರೀವಿದ್ಯಾಗೆ ಅಂಬತ್ತೂರಿನ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮಧ್ಯಾಹ್ನದ ಪಾಳಿ. ಲೋಕಲ್ ರೈಲು ಇಳಿದು ಮನೆಗೆ ಬರುವಷ್ಟರಲ್ಲಿ ಕತ್ತಲಾಗುತ್ತದೆ. ಸೇರಿ ತಿಂಗಳಾಗಿರಲಿಲ್ಲ, ಒಂದು ದಿನ ಊಟಕ್ಕೆ ಕೂತವಳು ತಟ್ಟೆ ನೋಡುತ್ತಲೇ ಹೇಳಿದಳು. "ಒಬ್ಬ ಇದಾನಮ್ಮಾ. ಸ್ಟೇಷನ್ ಹತ್ರ ನಿಂತಿರ್ತಾನೆ. ನಾ ನಡೆದ್ರೆ ನಡೀತಾನೆ, ನಿಂತ್ರೆ ನಿಲ್ತಾನೆ. ಒಂದು ಮಾತೂ ಆಡಲ್ಲ. ಆ ಗೋಡೆ ತಿರುವಿನ ತನಕ ಬರ್ತಾನೆ, ಅಪ್ಪುರಂ, ಅದರಾಚೆ ಕಾಣಲ್ಲ."

ಯಾವ ಗೋಡೆ ಎಂದು ಯಾರೂ ಕೇಳಲಿಲ್ಲ.

ನಂಜುಂಡ ಪೊಲೀಸರಿಗೆ ಹೇಳಿಬಂದ. ಗಸ್ತು ಹಾಕುತ್ತೇವೆ ಅಂದರು. ತನ್ನ ಪಾಳಿ ಇಲ್ಲದ ದಿನ ಸ್ಟೇಷನ್ನಿಗೆ ಹೋಗಿ ಕರೆತಂದ. ನಂಜುಂಡ ಹೋದ ದಿನ ಆ ಹಿಂಬಾಲಿಸುವವನು ಕಾಣಿಸುತ್ತಿರಲಿಲ್ಲ, ಹೋಗದ ದಿನ ಇರುತ್ತಿದ್ದ. ಕಲಾವತಿಯ ತಾಳ್ಮೆ ತೀರಿತು.

"ಪುರಸೈವಾಕ್ಕಂನಲ್ಲಿ ಪಾತ್ರೆ ಅಂಗಡಿ ಮೇಲೆ ಹೆಣ್ಮಕ್ಕಳಿಗೆ ಏನೋ ಹೇಳ್ಕೊಡ್ತಾರಂತೆ. ಸೆಲ್ಫ್ ಡಿಫೆನ್ಸು. ಸೇರ್ಸ್ತೀನಿ."

"ಅಯ್ಯೋ, ಅದೇನು ವಿದ್ಯೇನಾ?" ಅಂದ ನಂಜುಂಡ. "ಕಿರುಚೋದು, ಪರಚೋದು, ಓಡೋದು. ಅದಕ್ಕೊಂದು ಕ್ಲಾಸು! ನಮ್ಮ ಮನೆ ಬೆಕ್ಕಿಗೆ ಗೊತ್ತು ಅಷ್ಟು. ಇವ್ಳು ಹುಟ್ಟಿದಾಗಿಂದ ಕೋಲು ಹಿಡಿದವಳು."

ಕಲಾವತಿ ಹುಳಿಯ ಸೌಟನ್ನು ಪಾತ್ರೆಗೆ ಇಳಿಬಿಟ್ಟು ಅವನ ಮುಖ ನೋಡಿದಳು. "ಇನ್ನೊಬ್ಬನೂ ಹಿಡಿದಿದ್ದ" ಅಂದಳು. ಆಮೇಲೆ ಆ ವಿಷಯ ಚರ್ಚೆಗೆ ಬರಲಿಲ್ಲ.

ಕ್ಲಾಸು ನಡೆಸುವವಳು ಕೌಸಲ್ಯಾ. ಹೊಸೂರಿನ ಕಡೆಯವಳು, ಕನ್ನಡ ತಮಿಳು ತೆಲುಗು ಮೂರನ್ನೂ ಕಲಸಿ ಮಾತಾಡುವ ಗಟ್ಟಿ ಹೆಂಗಸು. ಮೊದಲ ಭಾನುವಾರ ಮಗಳನ್ನು ಬಿಡಲು ಹೋದ ನಂಜುಂಡ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡಿದ. ಕೆಳಗಿನ ಅಂಗಡಿಯಲ್ಲಿ ಸ್ಟೀಲ್ ಪಾತ್ರೆ ಬಡಿದು ತೋರಿಸುವ ಸದ್ದು. ಮೇಲೆ ಆಫೀಸಿಗೆ ಹೋಗುವ ಹೆಂಗಸರು, ಕಾಲೇಜು ಹುಡುಗಿಯರು. ನಮಸ್ಕಾರ ಇಲ್ಲ, ಸಾಲು ಇಲ್ಲ. ಹೆಗಲಿಗೆ ಬ್ಯಾಗು ಹಾಕಿಕೊಂಡು, ಕೈಯಲ್ಲಿ ಫೋನು ನೋಡುತ್ತ ನಿಲ್ಲಬೇಕು. ಬೀದಿಯಲ್ಲಿ ನಿಲ್ಲುವ ಹಾಗೆ. ಸೂರಜ್ ಎಂಬ ಹುಡುಗ ಮೈತುಂಬ ಹಾಸಿಗೆಯಷ್ಟು ದಪ್ಪದ ಪ್ಯಾಡು ಕಟ್ಟಿಕೊಂಡು, ತಲೆಗೆ ಕಬ್ಬಿಣದ ಬಲೆಯ ದೊಡ್ಡ ಟೋಪಿ ಹಾಕಿಕೊಂಡು, ಹೇಳದೆ ಕೇಳದೆ ಹಿಂದಿನಿಂದ ಬರುತ್ತಾನೆ. ಕೆಟ್ಟ ಮಾತು ಆಡುತ್ತಾನೆ, ಹಿಡಿಯುತ್ತಾನೆ. ಹಿಡಿಸಿಕೊಂಡವಳು ಕಿರುಚಬೇಕು, ಅಂಗೈ ಬುಡದಿಂದ, ಮೊಣಕೈಯಿಂದ, ಮಂಡಿಯಿಂದ ಹೊಡೆಯಬೇಕು. ಅವನು ಬಿಡುವವರೆಗೆ ಹೊಡೆಯುತ್ತಲೇ ಇರಬೇಕು. ಬಿಟ್ಟ ಕೂಡಲೇ ಬಾಗಿಲಿಗೆ ಓಡಬೇಕು. ಬಾಗಿಲು ದಾಟಿದರೆ ಪಾಠ ಮುಗಿಯಿತು.

"ಗೆಲ್ಲೋಕ್ಕಲ್ಲ ಇಲ್ಲಿ ಬಂದಿರೋದು. ಮನೆಗೆ ಹೋಗೋಕೆ" ಎಂದು ಕೌಸಲ್ಯಾ ಪ್ರತಿಯೊಬ್ಬಳಿಗೂ ಹೇಳುತ್ತಿದ್ದಳು.

ನಂಜುಂಡನಿಗೆ ಒಳಗೊಳಗೇ ನಗು. ಹೆಜ್ಜೆಯಿಲ್ಲ, ಅಂದವಿಲ್ಲ, ಉಸಿರಿನ ಲೆಕ್ಕವಿಲ್ಲ. ಒಬ್ಬಳು ಬ್ಯಾಂಕಿನವಳು ಕಣ್ಣು ಮುಚ್ಚಿಕೊಂಡೇ ಸೂರಜ್‌ನ ಮೂಗಿನ ಕಡೆ ಕೈ ಬೀಸುತ್ತಿದ್ದಳು. ಆದರೂ ಬಾಗಿಲು ದಾಟಿದಳು. ಎಲ್ಲರೂ ದಾಟಿದರು.

ಶ್ರೀವಿದ್ಯಾ ದಾಟಲಿಲ್ಲ.

ಸೂರಜ್ ಹಿಂದಿನಿಂದ ಬಂದ. ಅವಳು ತಿರುಗಿದ್ದನ್ನು ನೋಡಿ ಇಡೀ ಕೋಣೆ ಸದ್ದಡಗಿತು. ನೀರು ಹರಿದ ಹಾಗೆ ತಿರುಗಿದಳು, ಬಾಣದ ಹಾಗೆ ಹೋಯಿತು ಅಂಗೈ, ಹೋಗಿ ಸೂರಜ್‌ನ ಹೆಗಲ ಮೇಲೆ ನಿಂತಿತು. ಗದ್ದ ಒಂದಿಷ್ಟು ಮೇಲೆದ್ದಿತು. ಕಾದಳು. ಸೂರಜ್ ಅವಳನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿ ನೆಲಕ್ಕೆ ಕೂರಿಸಿದ.

"ಅಕ್ಕಾ, ಸೂಪರ್ ಆಗಿ ಹೊಡೆದ್ರಿ" ಎಂದ ಬಲೆಯ ಒಳಗಿಂದ. "ಆದ್ರೆ ಹೊಡೀಲೇ ಇಲ್ಲ!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಮತ್ತೆ ಮಾಡಿಸಿದರು, ಮತ್ತೆ ಹಾಗೇ. ಭುಜ, ಕತ್ತು, ಎದೆ, ಎಲ್ಲಿಗೆ ಹೊಡೆದರೂ ಅಂಗೈ ಬಟ್ಟೆ ಮುಟ್ಟಿ ನಿಲ್ಲುತ್ತಿತ್ತು. ಕೊನೆಗೊಮ್ಮೆ ಅವಳು ತನ್ನ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡುತ್ತ ನಿಂತಳು. ಬಾಗಿಲ ಪಕ್ಕ ಕೂತ ಅಪ್ಪನ ಕಡೆ ನೋಡಿದಳು. ನಂಜುಂಡ ಕುರ್ಚಿಯಿಂದ ಎದ್ದಿದ್ದ, ಯಾವಾಗ ಎದ್ದೆನೆಂದು ಅವನಿಗೇ ಗೊತ್ತಿರಲಿಲ್ಲ.

ಕೌಸಲ್ಯಾ ಅವನನ್ನು ಮೆಟ್ಟಿಲ ಬಳಿಗೆ ಕರೆದಳು. "ಸಾರ್, ಬೇಜಾರಾಗ್ಬೇಡಿ. ಏನೂ ಬರದೇ ಇರೋರಿಗೆ ನಾನು ಕಲಿಸಬಲ್ಲೆ. ನಿಮ್ಮ ಹುಡುಗಿಗೆ ಬರೋದನ್ನ ಬಿಡಿಸೋಕೆ ನನ್ನ ಕೈಲಾಗಲ್ಲ. ಅವ್ಳ ಕೈ ಯಾರಿಗೋ ಕಾಯ್ತಾ ಇದೆ. ಕಲಿಸಿದ್ಯಾರು?"

"ನಾನು."

"ಹಂಗಾದ್ರೆ ಬರೋ ಭಾನುವಾರ ಸೂರಜ್ ಬದಲು ನೀವು ಹಾಕ್ಕೊಳ್ಳಿ ಆ ಪ್ಯಾಡು."

ಇಬ್ಬರೂ ಬಸ್ಸಿಗೆ ಹೋಗಲಿಲ್ಲ. ಸೀರೆ ಅಂಗಡಿಗಳ ಮುಂದೆ ಜನರನ್ನು ಸವರಿಕೊಂಡು ನಡೆದರು. ರಿಬ್ಬನ್ ಮಾರುವವನೊಬ್ಬ ಅಡ್ಡ ಬಂದ. ಅವನನ್ನು ದಾಟಿದ ಮೇಲೆ ಶ್ರೀವಿದ್ಯಾ ಕೇಳಿದಳು.

"ಅಪ್ಪಾ, ಅಣ್ಣ ತಾಗಿಸಿದ್ದ ಅಲ್ವಾ?"

ನಂಜುಂಡ ನಡೆಯುತ್ತಲೇ ಇದ್ದ.

"ಎಲ್ರೂ ಹೆದರ್ಕೊಂಡ ಅಂದ್ರು. ನಾನೂ ಹಂಗೇ ಅಂದ್ಕೊಂಡಿದ್ದೆ. ಇವತ್ತು ಗೊತ್ತಾಯ್ತು. ಸೂರಜ್ ನನ್ನ ಎತ್ತಿದಾಗ ನನಗೆ ಭಯ ಆಗ್ಲಿಲ್ಲಪ್ಪಾ, ಕೋಪ ಬಂತು. ಏನಿವನು, ತಾಗಿದ್ರೂ ಹೇಳ್ತಿಲ್ವಲ್ಲ ಅಂತ." ಅವಳು ಬ್ಯಾಗನ್ನು ಎದೆಗೆ ಅವಚಿಕೊಂಡಳು. "ಅಣ್ಣನಿಗೂ ಅಷ್ಟೇ ಅನ್ಸಿರುತ್ತೆ. ಸಾಯೋವಾಗ್ಲೂ."

"ಹೆಗಲ ಮೇಲೆ" ಎಂದ ನಂಜುಂಡ. "ಎಡಗಡೆ. ಸರಿಯಾಗಿ ಬಿದ್ದಿತ್ತು."

ಅಷ್ಟೇ ಅವನಿಂದ ಆದದ್ದು. ಮಗಳು ಅವನ ತೋಳು ಹಿಡಿದುಕೊಂಡಳು. ಉದಯ್ ಇದ್ದಾಗ ಅವಳು ಹೀಗೆ ತೋಳು ಹಿಡಿದು ನಡೆದವಳೇ ಅಲ್ಲ. "ಆ ಹಿಂದೆ ಬರೋನು ನಾಳೆ ಸೋಮವಾರವೂ ನಿಂತಿರ್ತಾನಪ್ಪಾ, ಸ್ಟೇಷನ್ನಲ್ಲಿ" ಎಂದಳು.

ಆ ವಾರವೆಲ್ಲ ಅದು ದಿನಕ್ಕೆ ಹಲವು ಸಲ ಬಂತು. ಭಾರ ಹೆಚ್ಚಾಗಿರಲಿಲ್ಲ, ಅದೇ ನೊಣದ ಭಾರ. ಆದರೆ ಒಪ್ಪಿಕೊಂಡರೂ ಬೇಗ ಹೋಗುತ್ತಿರಲಿಲ್ಲ. ಶನಿವಾರ ಕಲಾವತಿ ಅಡುಗೆಮನೆಯಿಂದ ಬಂದಾಗ ನಂಜುಂಡ "ತಾಗ್ತು ಮಗಾ" ಎನ್ನುತ್ತ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಇನ್ನು ಹಿಂದಕ್ಕೆ ಹೋಗಲು ಜಾಗ ಇರಲಿಲ್ಲ.

"ರೀ, ಯಾರ ಹತ್ರ ಮಾತಾಡ್ತಿದೀರಾ?"

"ಯಾರೂ ಇಲ್ಲ ಬಿಡು."

ಅವಳು ಅವನ ಎಡ ಹೆಗಲ ಹತ್ತಿರದ ಖಾಲಿ ಜಾಗವನ್ನು ನೋಡುತ್ತ ಕೇಳಿದಳು. "ಚೆನ್ನಾಗಿದಾನಾ?"

ಅವಳು ಉತ್ತರಕ್ಕೆ ಕಾಯದೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಒಳಗೆ ಹೋದಳು.

ಭಾನುವಾರ ಮಧ್ಯಾಹ್ನ ಸೂರಜ್ ತನ್ನ ಬೆವರು ಹೀರಿದ ಪ್ಯಾಡುಗಳನ್ನು ನಂಜುಂಡನಿಗೆ ಒಂದೊಂದಾಗಿ ಕಟ್ಟಿದ. "ಅಂಕಲ್, ಇದರೊಳಗೆ ಇದ್ರೆ ಮದುವೆ ಊಟ ಹನ್ನೆರಡು ಎಲೆ ಉಂಡಂಗಿರುತ್ತೆ, ಬಗ್ಗೋಕಾಗಲ್ಲ" ಎಂದ. ನಿಜವಾಗಿಯೂ ಬಗ್ಗಲು ಆಗಲಿಲ್ಲ. ನೆಲ ಮುಟ್ಟಿ ನಮಸ್ಕಾರ ಮಾಡಲು ಹೋಗಿ ನಂಜುಂಡ ಅರ್ಧಕ್ಕೇ ನಿಂತ. ತಲೆಗೆ ಟೋಪಿ ಬಂತು. ಬಲೆಯ ಆಚೆ ಮಗಳು ಚೌಕ ಚೌಕವಾಗಿ ಕಂಡಳು, ಹೆಗಲಿಗೆ ಬ್ಯಾಗು ಹಾಕಿಕೊಂಡು, ಫೋನಿನ ಕಡೆ ನೋಡುತ್ತ.

"ಅವ್ಳು ಬಾಗಿಲು ದಾಟೋ ತನಕ ನಿಲ್ಲಬೇಡಿ ಸಾರ್" ಎಂದಳು ಕೌಸಲ್ಯಾ. "ನೀವು ಅಪ್ಪ ಅಲ್ಲ ಈಗ."

ಅವನು ಹೋದ. ಹಿಂದಿನಿಂದ ಹೋಗಿ ಬ್ಯಾಗು ಹಿಡಿದ. ಅವಳು ತಿರುಗಿದಳು. ಅಂಗೈ ಬಂದು ಅವನ ಎಡ ಹೆಗಲ ಮೇಲೆ ಕೂತಿತು.

"ತಾಗಿತು" ಎಂದ ನಂಜುಂಡ. ಕಾಲು ಹಿಂದೆ ಸರಿಯಿತು.

ಹೆಂಗಸರು ಗೊಳ್ಳೆಂದು ನಕ್ಕರು. ಕೌಸಲ್ಯಾ ತಲೆಗೆ ಕೈ ಹೊತ್ತಳು. "ಸಾರ್! ಯಾವ ಪೊರುಕ್ಕಿ, ಯಾವ ಪೋಕರಿ ಒಪ್ಕೊಂಡು ಹಿಂದಕ್ಕೆ ಹೋಗ್ತಾನೆ? ಇನ್ನೇನು, ಕಾಫಿ ಕುಡೀತೀಯಾಮ್ಮಾ ಅಂತಾನೂ ಕೇಳ್ಬಿಡಿ!"

"ಸುಮ್ನೆ ಬಾಪ್ಪಾ. ಸೀನ್ ಹಾಕ್ಬೇಡ" ಅಂದಳು ಶ್ರೀವಿದ್ಯಾ. ನಗಲು ನೋಡಿ, ಬ್ಯಾಗು ಸರಿಮಾಡಿಕೊಂಡು ಮತ್ತೆ ನಿಂತಳು.

ಮತ್ತೆ ಹೋದ. ಮತ್ತೆ ತಾಗಿತು. ಮತ್ತೆ ಬಾಯಿಂದ ಅದೇ ಬಂತು. ಹಲ್ಲು ಕಚ್ಚಿ ಮಾತು ತಡೆದರೆ ಕಾಲು ತಾನೇ ಹೋಯಿತು. ಅವನು ಸರಿದಾಗಲೆಲ್ಲ ಮಗಳ ಕೈ ಸಡಿಲವಾಗುವುದನ್ನು, ಮುಖದಲ್ಲಿ ಒಂದು ಸಮಾಧಾನ ಬರುವುದನ್ನು ಬಲೆಯ ಒಳಗಿಂದ ನೋಡಿದ. ಅವಳ ಕೈಯನ್ನು ನಿಲ್ಲಿಸುತ್ತಿದ್ದದ್ದು ಅವಳ ಕೈಯಲ್ಲ. ಅವಳು ಚಿಕ್ಕವಳಾಗಿದ್ದಾಗಿನಿಂದ ಪ್ರತಿ ಭಾನುವಾರ ಅವನು ಒಪ್ಪಿಕೊಂಡಿದ್ದ, ಪ್ರತಿ ಸಲ ಹಿಂದೆ ಸರಿದಿದ್ದ. ಲೋಕದಲ್ಲಿ ತಾಗಿಸಿಕೊಂಡವರೆಲ್ಲ ಹೀಗೇ ಒಪ್ಪುತ್ತಾರೆಂದು ಇಬ್ಬರು ಮಕ್ಕಳಿಗೂ ನಂಬಿಸಿದ್ದ.

ನಾಳೆ ಸೋಮವಾರ, ಸ್ಟೇಷನ್ನಿನಲ್ಲಿ ಅವನು ನಿಂತಿರುತ್ತಾನೆ.

ನಂಜುಂಡ ಮತ್ತೆ ಹೋದ. ಈ ಸಲ ಬ್ಯಾಗನ್ನಲ್ಲ, ಅವಳ ಜಡೆಯನ್ನು ಹಿಡಿದ. ಅವಳು ತಿರುಗಿದಳು, ಅಂಗೈ ಹೆಗಲ ಮೇಲೆ ಬಂತು. ಅದೇ ಕ್ಷಣ ಪ್ಯಾಡಿನ ಒಳಗೆ, ಅಂಗಿಯ ಒಳಗೆ, ಬರೀ ಮೂಳೆಯ ಮೇಲೆ ಇನ್ನೊಂದು ಬಂದು ಕೂತಿತು. ನೊಣ ಕೂತಷ್ಟೇ ಭಾರ. ಮಗಳು ಹೊರಗೆ, ಮಗ ಒಳಗೆ. ಇಬ್ಬರೂ ಗದ್ದ ಎತ್ತಿ ಕಾಯುತ್ತಿದ್ದರು. ಅವನ ಕಾಲು ಹಿಮ್ಮಡಿಯ ಮೇಲೆ ವಾಲಿತು. ಅದನ್ನು ನೆಲಕ್ಕೆ ಒತ್ತಿ ಹಿಡಿದ.

"ಅಪ್ಪಾ, ತಾಗ್ತು" ಎಂದಳು ಶ್ರೀವಿದ್ಯಾ, ಸಣ್ಣ ದನಿಯಲ್ಲಿ.

"ತಾಗಿಲ್ಲ."

"ಅಪ್ಪಾ!"

"ತಾಗಿಲ್ಲ" ಎಂದ ನಂಜುಂಡ, ಹೊರಗಿದ್ದವಳಿಗೂ ಒಳಗಿದ್ದವನಿಗೂ. ಮುಂದಕ್ಕೆ ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಜಡೆ ಹಿಡಿದು ಎಳೆದ.

"ಸುಳ್ಳು! ತಾಗಿದೆ! ಒಪ್ಕೋ!"

"ತಾಗಿಲ್ಲ ಕಣೇ!"

ಅವಳ ಕಣ್ಣು ತುಂಬಿದವು, ಮುಖ ಕೆಂಪಾಯಿತು. ಗಂಟಲಿನಿಂದ ಹೊರಟ ಸದ್ದಿಗೆ ಕೆಳಗೆ ಪಾತ್ರೆ ಬಡಿಯುವುದು ನಿಂತಿತು. ಮೊದಲ ಏಟು ಬಲೆಯ ಮೇಲೆ ಬಿತ್ತು, ಮುಟ್ಟಿ ನಿಲ್ಲಲಿಲ್ಲ, ಒಳಕ್ಕೆ ನುಗ್ಗಿತು. ಬಲೆ ಬಗ್ಗಿ ಅವನ ತುಟಿ ಒಡೆಯಿತು. ಅವನು ಬಿಡಲಿಲ್ಲ. ಮೊಣಕೈ ಪಕ್ಕೆಗೆ, ಮಂಡಿ ಹೊಟ್ಟೆಗೆ, ಮತ್ತೆ ಅಂಗೈ ಅದೇ ಹೆಗಲಿಗೆ, ಗೋಡೆಗೆ ಮೊಳೆ ಹೊಡೆದ ಹಾಗೆ. ಮೂಳೆ ಲಟಕ್ಕೆಂದಿತು. ಕೈ ತಾನಾಗಿ ಜಡೆ ಬಿಟ್ಟಿತು.

"ಓಡು!" ಎಂದು ಕೂಗಿದವಳು ಕೌಸಲ್ಯಾ.

ಶ್ರೀವಿದ್ಯಾ ಓಡಿದಳು. ಬಾಗಿಲು ದಾಟಿದಳು, ನಿಲ್ಲಲಿಲ್ಲ, ಮೆಟ್ಟಿಲು ಇಳಿದಳು, ಪಾತ್ರೆ ಅಂಗಡಿ ದಾಟಿ ಬೀದಿಯ ಜನರ ನಡುವೆ ಓಡುತ್ತಲೇ ಹೋದಳು. ಹೆಂಗಸರೆಲ್ಲ ಕಿಟಕಿಗೆ ಮುಗಿಬಿದ್ದು ಚಪ್ಪಾಳೆ ತಟ್ಟಿದರು.

ನಂಜುಂಡ ನೆಲದ ಮೇಲೆ ಕೂತಿದ್ದ. ಸೂರಜ್ ಟೋಪಿ ಬಿಚ್ಚಿ ನೀರು ಕೊಟ್ಟ. ಎಡಗೈ ಎತ್ತಲು ಆಗಲಿಲ್ಲ, ಬಲಗೈಯಲ್ಲಿ ಕುಡಿದ. ಹೆಗಲ ತುಂಬ ನೋವಿತ್ತು. ನೋವು ಬಿಟ್ಟರೆ ಅಲ್ಲಿ ಬೇರೆ ಏನೂ ಇರಲಿಲ್ಲ. ಆ ಇನ್ನೊಂದು ಹೋಗಿತ್ತು, ಒಪ್ಪಿಗೆ ಸಿಗದೆ.

ತಾಗಿದ್ದನ್ನು ತಾಗಿಲ್ಲ ಅಂದಿದ್ದ. ತಾಗಿದ ಮೇಲೂ ಮುಂದಕ್ಕೆ ಹೆಜ್ಜೆ ಇಟ್ಟಿದ್ದ. ತಿರುಮಲ ವಾದ್ಯಾರಿಗೆ ಕೊಟ್ಟ ಮಾತನ್ನು ನಂಜುಂಡ ಆ ಭಾನುವಾರ ಮುರಿದ.